ಹಾಡು ಯಾರದು, ಅತಿಥಿ ಯಾರು

ಆಲೂರು ತಾಲ್ಲೂಕು, ಪಾಳ್ಯದ ಕಡೆಯ ಒಂದು ತೋಟದ ಮನೆ. ಜನವರಿ ಕೊನೆ. ಕಣದ ತುಂಬ ರೋಬಸ್ಟಾ ಹಣ್ಣು ಹರವಿದೆ. ಮಾತಾಡುತ್ತಿರುವವರು ಮಾವ ಮತ್ತು ಅವರ ಅಕ್ಕನ ಮಗಳು. ಅವಳ ತಮ್ಮ ಬೆಂಗಳೂರಿನಲ್ಲಿ ಗಿಟಾರ್ ನುಡಿಸುತ್ತಾನೆ. ಬೇರೆ ಬೇರೆ ಬ್ಯಾಂಡುಗಳ ನಾಲ್ಕು ಜನ ಸೇರಿ ಹಳೆಯ ಕನ್ನಡ ಹಾಡುಗಳನ್ನು ಹೊಸದಾಗಿ ಹಾಡಿ ಒಂದು ಆಲ್ಬಂ ತರಲು ಹೊರಟಿದ್ದಾರೆ. ಹಾಡುಗಳ ಪಟ್ಟಿ, ಕರೆಯಬೇಕೆಂದಿರುವ ಅತಿಥಿಗಳ ಪಟ್ಟಿ ಎರಡೂ ಬೆಳಿಗ್ಗೆ ಅವಳ ಫೋನಿಗೆ ಬಂದಿವೆ.

– ಎಂಟು ಹಾಡಂತೆ ಮಾವ. ಅದರಲ್ಲಿ ಐದು ಅಶ್ವತ್ಥರವು.

– ಐದಾ! ಹುಡುಗನಿಗೆ ಬುದ್ಧಿ ಇದೆ. ಮತ್ತೆ ನೀನ್ಯಾಕೆ ಮುಖ ಗಂಟು ಹಾಕ್ಕೊಂಡಿದೀಯ?

– ಅಶ್ವತ್ಥರ ಹಾಡಲ್ಲಿ ಇವರು ಹೊಸದಾಗಿ ಮಾಡೋದಕ್ಕೆ ಏನು ಉಳಿದಿದೆ ಅಂತ. ರಾಕ್ ಅಂದರೆ ಇವರಿಗೆ ಗಟ್ಟಿ ದನಿ, ದೊಡ್ಡ ವಾದ್ಯ, ಎದೆ ಬಿರಿಯೋ ಹಾಗೆ ಮೇಲಕ್ಕೇರೋದು. ಅದನ್ನೆಲ್ಲ ಅಶ್ವತ್ಥರೇ ಮಾಡಿ ಮುಗಿಸಿದಾರೆ. 2005ರಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಆಯ್ತಲ್ಲ, ಆ ಜನಸಾಗರದ ಮುಂದೆ ಅವರು ಹಾಡಿದ್ದಕ್ಕಿಂತ ದೊಡ್ಡ ರಾಕ್ ಕಾರ್ಯಕ್ರಮ ಕನ್ನಡದಲ್ಲಿ ಯಾವುದಿದೆ ಹೇಳಿ? ಅದರ ಮೇಲೆ ಇವರು ಇನ್ನೊಂದು ಗಿಟಾರ್ ಹೇರಿದರೆ ಅದು ಬರೀ ಸದ್ದು.

– ಹಾಗಾದರೆ ಯಾರ ಹಾಡು ತಗೋಬೇಕು ಅಂತೀಯ?

– ಮೈಸೂರು ಅನಂತಸ್ವಾಮಿಯವರದು. ಅವರ ಧಾಟಿಯಲ್ಲಿ ಜಾಗ ಇದೆ ಮಾವ. ಹಾರ್ಮೋನಿಯಂ ಒಂದು, ತಬಲಾ ಒಂದು, ಪದ ಸ್ಪಷ್ಟ. ಒಂದು ಸಾಲು ಹೇಳಿ ನಿಲ್ಲಿಸ್ತಾರೆ, ಕೇಳೋರಿಗೆ ಅದು ಇಳಿಯೋವರೆಗೂ ಕಾಯ್ತಾರೆ. ಆ ಕಾಯೋ ಜಾಗದಲ್ಲಿ ಗಿಟಾರ್ ಬರಬಹುದು. ರಾಜರತ್ನಂ ಅವರ ‘ರತ್ನನ ಪದಗಳು’ ತಗೊಳ್ಳಿ. ಕುಡುಕನ ಮಾತು, ಬೀದಿಯ ಮಾತು, ತುಂಬಿ ತುಳುಕೋ ಪ್ರೀತಿ. ಬ್ಲೂಸ್ ಅಂತ ಹೊರದೇಶದೋರು ಯಾವುದನ್ನ ಕರೀತಾರೋ ಅದರ ಸಾಮಾನೆಲ್ಲ ಅಲ್ಲಿದೆ. ಅದನ್ನ ಅನಂತಸ್ವಾಮಿ ಹಾಡಿದ್ದರಲ್ಲಿ, ಆಮೇಲೆ ಅವರ ಮಗ ರಾಜು ಹಾಡಿದ್ದರಲ್ಲಿ, ನಗ್ತಾ ನಗ್ತಾ ಗಂಟಲು ಕಟ್ಟುತ್ತೆ.

– ನೀನು ಹೇಳೋದು ಒಪ್ಪೋ ಹಾಗೇ ಇದೆ, ಆದರೂ ನಾನು ಒಪ್ಪಲ್ಲ. ಅಶ್ವತ್ಥರು ಇಲ್ಲದಿದ್ರೆ ಈ ಸೀಮೆಯಲ್ಲಿ ನನ್ನಂಥೋನಿಗೆ ಶರೀಫರು ಗೊತ್ತಾಗ್ತಿದ್ರಾ? ಶಿಶುನಾಳ ಎಲ್ಲೋ ಹಾವೇರಿ ಜಿಲ್ಲೆ. ಅಲ್ಲಿ ಭಜನೆ ಮೇಳದಲ್ಲಿ ಹಾಡ್ತಿದ್ರು, ಸರಿ. ನಮಗೆ ಬಂದಿದ್ದು ಕ್ಯಾಸೆಟ್ಟಲ್ಲಿ. 1990ರಲ್ಲಿ ನಾಗಾಭರಣ ಶರೀಫರ ಸಿನಿಮಾ ಮಾಡಿದಾಗ ಅದರ ಹಾಡುಗಳು ಬಂದವಲ್ಲ, ಆಗ ಇಲ್ಲಿ ಕಾಫಿ ಕುಯ್ಯೋರು ಕೂಡ ಶರೀಫರ ಪದ ಗುನುಗ್ತಿದ್ರು. ಇನ್ನೊಂದು ವಿಷಯ ಗೊತ್ತಾ? ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡಿದ್ದು 1889ರಲ್ಲಿ, ಅದೂ ಹುಟ್ಟಿದ ದಿನವೇ ಅಂತಾರೆ. ಅಶ್ವತ್ಥರು ಹುಟ್ಟಿದ್ದು 1939ರ ಡಿಸೆಂಬರ್ 29, ಹೋಗಿದ್ದು 2009ರ ಡಿಸೆಂಬರ್ 29. ಇಬ್ಬರೂ ಹುಟ್ಟಿದ ದಿನವೇ ಹೋದರು, ಇಬ್ಬರಿಗೂ ಎಪ್ಪತ್ತು ತುಂಬಿತ್ತು.

– ಅದನ್ನ ನೀವು ಪ್ರತಿ ಸಲ ಹೇಳ್ತೀರ, ಪ್ರತಿ ಸಲವೂ ನನಗೆ ಮೈ ಜುಮ್ ಅನ್ನುತ್ತೆ.

– ಅದಕ್ಕೇ ಹೇಳೋದು, ಅವರು ಹಾಡಿದ್ದನ್ನ ಮುಟ್ಟೋಕೆ ಹೋಗಬಾರದು.

– ಈಗ ತಾನೇ ಐದು ಹಾಡು ಅಂದಾಗ ಖುಷಿಪಟ್ರಿ!

– ಪಟ್ಟಿಯಲ್ಲಿ ಇರಲಿ ಅಂತ ಖುಷಿ. ಹಾಡ್ತಾರೆ ಅಂದ ಕೂಡಲೇ ಭಯ.

– ಭಯ ಯಾಕೆ ಮಾವ? ಭಾವಗೀತೆ ಬೆಳೆದಿದ್ದೇ ಹಾಗಲ್ವ? ಒಬ್ಬರು ಹಾಡಿದ್ದನ್ನ ಇನ್ನೊಬ್ಬರು ಮುಟ್ಟಿ ಮುಟ್ಟಿ. ಕಾಳಿಂಗರಾಯರು ಮೊದಲು ಹಾಡಿದ್ರು, ಹಿಂದಿನಿಂದ ಮೋಹನಕುಮಾರಿ, ಸೋಹನಕುಮಾರಿ ಅಕ್ಕತಂಗಿಯರ ದನಿ. ಅದೇ ಕವಿಗಳ ಪದ್ಯಗಳನ್ನ ಅನಂತಸ್ವಾಮಿ ಬೇರೆ ಥರ ಕೂರಿಸಿದ್ರು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಕನ್ನಡದಲ್ಲಿ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅದು. ಅಲ್ಲಿಂದ ಹಾಡು ಸಭೆಯಿಂದ ಮನೆಗೆ ಬಂತು. ಅಶ್ವತ್ಥರು ಇನ್ನೂ ಬೇರೆ ಥರ ಮಾಡಿದ್ರು. ಹಿಂದಿನೋರ ಧಾಟಿಯನ್ನ ಯಾರೂ ಮುಟ್ಟಬಾರದು ಅಂದಿದ್ರೆ ನಿಮಗೆ ಅಶ್ವತ್ಥರೂ ಸಿಗ್ತಿರಲಿಲ್ಲ.

– ಅದೇನೋ ನಿಜ. ಆದರೆ ಪುಟ್ಟಿ, ಒಂದೇ ಪದ್ಯಕ್ಕೆ ಎರಡು ಧಾಟಿ ಇದ್ದರೆ ಏನಾಗುತ್ತೆ ಅಂತ ನಾಡಗೀತೆಯಲ್ಲಿ ನೋಡಿದೀವಲ್ಲ. 2004ರ ಜನವರಿ 6ಕ್ಕೆ ಕುವೆಂಪು ಅವರ ಪದ್ಯ ನಾಡಗೀತೆ ಅಂತಾಯ್ತು. ಯಾರ ಧಾಟಿ ಅನ್ನೋದು ಇತ್ಯರ್ಥ ಆಗಿದ್ದು 2022ರ ಸೆಪ್ಟೆಂಬರಲ್ಲಿ. ಅನಂತಸ್ವಾಮಿ ಧಾಟಿ, ಎರಡೂವರೆ ನಿಮಿಷ. ಅದನ್ನ ಪ್ರಶ್ನಿಸಿ ಹೈಕೋರ್ಟಿಗೂ ಹೋದ್ರು, 2024ರಲ್ಲಿ ಅರ್ಜಿ ವಜಾ ಆಯ್ತು. ಅಶ್ವತ್ಥರ ಧಾಟಿ ಆಗಲಿಲ್ಲ ಅಂತ ನನಗೆ ಎಷ್ಟು ಸಂಕಟ ಆಯ್ತು ಗೊತ್ತಾ?

– ಗೊತ್ತು. ಆದರೆ ಅದು ಬೇರೆ ಕೆಲಸ. ಪಾಳ್ಯದ ಶಾಲೆ ಮಕ್ಕಳೂ ಬೀದರಿನ ಮಕ್ಕಳೂ ಒಟ್ಟಿಗೆ ಎದ್ದು ನಿಂತು ಹಾಡಬೇಕು ಅಂದರೆ ಒಂದು ಧಾಟಿ, ಒಂದು ಅಳತೆ ಬೇಕೇ ಬೇಕು. ಆಲ್ಬಮ್ಮಿಗೆ ಆ ಕಟ್ಟು ಇಲ್ಲ. ಅಲ್ಲಿ ಎರಡೂ ಇರಬಹುದು, ಮೂರನೇದೂ ಬರಬಹುದು. ಹಳೇದನ್ನ ಯಾರೂ ಅಳಿಸಲ್ಲ. ನಿಮ್ಮ ಅಲಮಾರಿನಲ್ಲಿರೋ ಕ್ಯಾಸೆಟ್ ಅಲ್ಲೇ ಇರುತ್ತೆ.

– ರಘು ದೀಕ್ಷಿತ್ ಮಾಡಿದ್ದು ನನಗೆ ಇಷ್ಟ ಆಯ್ತು, ಅದನ್ನ ಹೇಳಲೇಬೇಕು. ಮೊದಲು ಕೇಳಿದಾಗ ಶರೀಫರ ಗುಡುಗುಡಿ ಪದವಾ ಇದು ಅನ್ನಿಸ್ತು. ಆಮೇಲೆ ಲುಂಗಿ ಉಟ್ಕೊಂಡು, ಗೆಜ್ಜೆ ಕಟ್ಕೊಂಡು ಹಾಡೋದನ್ನ ಟೀವಿಯಲ್ಲಿ ನೋಡಿದೆ. ಶರೀಫರೂ ಹೀಗೇ ಕುಣೀತಿದ್ರೇನೋ ಅನ್ನಿಸ್ತು.

– ಆ ಆಲ್ಬಂ ಬಂದಿದ್ದು 2008ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ವರ್ಷ ಯಾವ ಕಂಪನಿಯೂ ತಗೊಳ್ಳಲಿಲ್ಲ. ಕೊನೆಗೆ ವಿಶಾಲ್–ಶೇಖರ್ ತಮ್ಮದೇ ಲೇಬಲ್ಲಿನಲ್ಲಿ ತಂದ್ರು. 2010ರಲ್ಲಿ ಬಿಬಿಸಿಯಲ್ಲಿ, ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ರು. ನೀವು ಇಷ್ಟಪಟ್ಟಿದ್ದು ಯಾಕೆ ಗೊತ್ತಾ? ಅವರು ಅಶ್ವತ್ಥರನ್ನ ಅನುಕರಿಸೋಕೆ ಹೋಗಲಿಲ್ಲ. ನೇರವಾಗಿ ಪದಕ್ಕೆ ಹೋದ್ರು. ನಮ್ಮ ಹುಡುಗ ಮಾಡ್ತಿರೋದು ಅದಲ್ಲ. ಕಳಿಸಿರೋ ತುಣುಕು ಕೇಳಿ ಇಲ್ಲಿ. ಅಶ್ವತ್ಥರ ಕ್ಯಾಸೆಟ್ಟಲ್ಲಿ ಕೊಳಲು ನುಡಿಸಿದ್ದನ್ನ ಸ್ವರ ಬಿಡದೆ ಗಿಟಾರಲ್ಲಿ ನುಡಿಸಿದಾನೆ. ಹಾಡೋನು ಅಶ್ವತ್ಥರ ಗುಡುಗನ್ನೇ ತರೋಕೆ ಹೋಗಿ ಗಂಟಲು ಹರ್ಕೊಂಡಿದಾನೆ.

– ಹೂಂ... ಇದು ಬೇಡ. ಇದು ಬೇಡ ಕಣೇ. ನಿಲ್ಲಿಸು.

– ನೋಡಿದ್ರಾ?

– ಹಾಡಿದ್ದು ತಪ್ಪಿಲ್ಲ, ಶ್ರುತಿ ಸರಿ ಇದೆ, ತಾಳ ಸರಿ ಇದೆ. ಆದರೆ ಅವನಿಗೆ ಶರೀಫರ ಆ ಪದ ಏನು ಹೇಳ್ತಿದೆ ಅಂತ ಗೊತ್ತಿದ್ದ ಹಾಗಿಲ್ಲ. ಮನೆ ಸೋರ್ತಾ ಇದೆ ಅಂತ ಹಾಡೋನಿಗೆ ಒಮ್ಮೆಯಾದ್ರೂ ಮಾಡು ಸೋರಿರಬೇಕು. ನಮ್ಮಲ್ಲಿ ಆಷಾಢದ ಮಳೆ ಹಿಡೀತು ಅಂದರೆ ಹೆಂಚಿನ ಕೆಳಗೆ ಎಲ್ಲೆಲ್ಲಿ ಪಾತ್ರೆ ಇಡಬೇಕು ಅಂತ ನಿಮ್ಮಜ್ಜಿಗೆ ಕತ್ತಲಲ್ಲೂ ಗೊತ್ತಿತ್ತು. ಸರಿ, ಅತಿಥಿಗಳು ಯಾರಂತೆ?

– ಅಲ್ಲೇ ಇರೋದು ದೊಡ್ಡ ಜಗಳ. ಒಬ್ಬರು ಸಿನಿಮಾ ಗಾಯಕರು, ಹೆಸರಿದ್ದವರು. ಒಂದು ಹಾಡಿನ ಎರಡನೇ ಚರಣ ಮಾತ್ರ ಹಾಡ್ತಾರೆ. ಅವರ ಹೆಸರು ಇದ್ದರೆ ಜನ ಕೇಳ್ತಾರೆ ಅನ್ನೋದು ಲೆಕ್ಕ.

– ಕೇಳ್ತಾರಲ್ವ ಮತ್ತೆ?

– ಕೇಳ್ತಾರೆ. ಆ ಒಂದು ಹಾಡು ಕೇಳಿ ಬಿಡ್ತಾರೆ. ನಮ್ಮ ಹುಡುಗನಿಗೆ ಇದರ ಹುಚ್ಚು ಹಿಡಿಸಿದ್ದು ಹಾಲಿವುಡ್ ವ್ಯಾಂಪೈರ್ಸ್ ಅನ್ನೋ ಅಮೆರಿಕದ ತಂಡ. ಆಲಿಸ್ ಕೂಪರ್, ಏರೋಸ್ಮಿತ್ ಬ್ಯಾಂಡಿನ ಜೋ ಪೆರಿ, ಸಿನಿಮಾ ನಟ ಜಾನಿ ಡೆಪ್. ಮೂರೂ ಜನ ಮೊದಲೇ ಹೆಸರು ಮಾಡಿದವರು. 2015ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಬಹುಪಾಲು ಬೇರೆಯವರ ಹಾಡು, ಅತಿಥಿಗಳ ಸಾಲೇ ಸಾಲು.

– ಜಾತ್ರೆ ಹಾಗೆ.

– ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಅದಕ್ಕೊಂದು ಹಿನ್ನೆಲೆ ಇದೆ. 70ರ ದಶಕದಲ್ಲಿ ಲಾಸ್ ಏಂಜಲೀಸಿನ ಒಂದು ಬಾರಿನ ಮಾಳಿಗೆಯಲ್ಲಿ ಆಲಿಸ್ ಕೂಪರ್ ಮತ್ತೆ ಸ್ನೇಹಿತರು ಸೇರಿ ಕುಡೀತಿದ್ರು. ಆ ಕೂಟದ ಹೆಸರೇ ಅದು. ಅದರಲ್ಲಿ ಕೀತ್ ಮೂನ್ ಹೋದ, ಹ್ಯಾರಿ ನಿಲ್ಸನ್ ಹೋದ. ಕೂಪರ್ ಕುಡಿತ ಬಿಟ್ಟು ಉಳಿದ. ಹೋದವರಿಗಾಗಿ ಮಾಡಿದ ಆಲ್ಬಂ ಅದು, ಆ ಪೀಳಿಗೆಯ ಹಾಡುಗಳು. ಅತಿಥಿಯಾಗಿ ಪಾಲ್ ಮೆಕಾರ್ಟ್ನಿ ಬಂದಿದ್ರು. ಅವರು ಹಾಡಿದ್ದು ತಾವೇ ಬರೆದು, ಹಿಂದೆ ಬ್ಯಾಡ್‌ಫಿಂಗರ್ ಅನ್ನೋ ಬ್ಯಾಂಡಿಗೆ ಕೊಟ್ಟಿದ್ದ ಹಾಡನ್ನ.

– ಅಂದರೆ ಕೊಟ್ಟ ಹಾಡಿನ ಮನೆಗೆ ತಾನೇ ಅತಿಥಿಯಾಗಿ ಬಂದ. ಅದು ಚೆನ್ನಾಗಿದೆ. ಯಾರಿಗಾಗಿ ಹಾಡ್ತಿದೀವಿ ಅಂತ ಗೊತ್ತಿದೆ ಅವರಿಗೆ.

– ಅದನ್ನೇ ನಾನು ತಮ್ಮನಿಗೆ ಕೇಳಿದ್ದು. ನಿನ್ನ ಅತಿಥಿ ಈ ಹಾಡಿಗೆ ಏನಾಗಬೇಕು? ಬೀಟಲ್ಸ್ ಕಾಲದಲ್ಲಿ, 1968ರಲ್ಲಿ, ಜಾರ್ಜ್ ಹ್ಯಾರಿಸನ್ ತನ್ನ ಒಂದು ಹಾಡಿಗೆ ಎರಿಕ್ ಕ್ಲಾಪ್ಟನ್ನನ್ನ ಕರ್ಕೊಂಡು ಬಂದ. ಇಡೀ ಹಾಡನ್ನ ಎತ್ತಿ ಹಿಡಿದಿದ್ದು ಆ ಗಿಟಾರ್. ಆದರೆ ಆಲ್ಬಮ್ಮಿನ ಮೇಲೆ ಕ್ಲಾಪ್ಟನ್ ಹೆಸರೇ ಇರಲಿಲ್ಲ. ಈಗ ಎಲ್ಲ ತಲೆಕೆಳಗು, ಹೆಸರು ದೊಡ್ಡದಾಗಿರುತ್ತೆ, ಹಾಡಲ್ಲಿ ಅವರು ಇಲ್ಲದಿದ್ರೂ ನಡೆಯುತ್ತೆ.

– ನಿನ್ನ ಪ್ರಕಾರ ಅತಿಥಿ ಅಂದರೆ ಹೇಗಿರಬೇಕು? ನಮ್ಮ ಕಡೆಯ ಉದಾಹರಣೆ ಹೇಳು.

– ಶಿರಾಡಿ ಘಾಟಿ ಇಳಿದು ಮುಂದೆ ಹೋದರೆ ಬಂಟ್ವಾಳ ತಾಲ್ಲೂಕು. ಕದ್ರಿ ಗೋಪಾಲನಾಥ್ ಆ ಕಡೆಯವರು. ಬ್ಯಾಂಡ್‌ಸೆಟ್ಟಿನ ಸ್ಯಾಕ್ಸೋಫೋನನ್ನ ಕರ್ನಾಟಕ ಸಂಗೀತದ ಕಛೇರಿಗೆ ತಂದವರು. 2008ರಲ್ಲಿ ಅಮೆರಿಕದ ರುದ್ರೇಶ್ ಮಹಂತಪ್ಪ ಅನ್ನೋ ಜಾಝ್ ಕಲಾವಿದರ ಜೊತೆ ‘ಕಿನ್ಸ್‌ಮೆನ್’ ಅಂತ ಆಲ್ಬಂ ಮಾಡಿದ್ರು. ಇಬ್ಬರದೂ ಸ್ಯಾಕ್ಸೋಫೋನೇ. ಅದರಲ್ಲಿ ವಯೊಲಿನ್ ಕನ್ಯಾಕುಮಾರಿ ಅವರದು, ಮೃದಂಗ ಇದೆ, ಗಿಟಾರೂ ಇದೆ. ಕೇಳಿ ನೋಡಿ, ಗೋಪಾಲನಾಥರು ನಡುವೆ ಬಂದು ಒಂದು ಆಲಾಪ ಮಾಡಿ ಹೋಗೋ ಅತಿಥಿಯಲ್ಲ. ಅವರು ಇರೋದ್ರಿಂದ ರಾಗ ಹೇಗೆ ನಡೀಬೇಕು, ಎಲ್ಲಿ ನಿಲ್ಲಬೇಕು ಅನ್ನೋದೇ ಬದಲಾಗಿದೆ. ಅತಿಥಿ ಬಂದ ಮೇಲೆ ಮನೆಯೋರ ನಡೆ ಬದಲಾಗಬೇಕು ಮಾವ. ಇಲ್ಲದಿದ್ರೆ ಕರೆದಿದ್ದು ಯಾಕೆ?

– ಅದು ಸರಿಯಾದ ಮಾತು. ಇನ್ಯಾರಿದಾರೆ ಪಟ್ಟಿಯಲ್ಲಿ?

– ಇನ್ನೊಂದು ಇದೆ, ಅದಕ್ಕೆ ಹೆಸರೇ ಬರೆದಿಲ್ಲ. ‘ಸುಗ್ಗಿ ತಮಟೆ, ಲೂಪ್’ ಅಂತಿದೆ.

– ಲೂಪ್ ಅಂದರೆ?

– ಹೋದ ವರ್ಷ ಊರ ಸುಗ್ಗಿ ಹಬ್ಬಕ್ಕೆ ಬಂದಿದ್ದಾಗ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಹೋಗಿದಾನೆ. ಅದರಲ್ಲಿ ಹದಿನಾರು ಪೆಟ್ಟು ಕತ್ತರಿಸಿ, ಕಂಪ್ಯೂಟರಲ್ಲಿ ತಿರುಗಿಸಿ ತಿರುಗಿಸಿ ಹಾಡಿನುದ್ದಕ್ಕೂ ಹಾಕೋದು.

– ಅವರನ್ನ ಕೇಳಿದಾನಾ?

– ಇಲ್ಲ.

– ದುಡ್ಡು?

– ಇಲ್ಲ ಮಾವ.

– ಅದು ಆಗಲ್ಲ. ಆಗಲ್ಲ ಅಂತ ಹೇಳು. ನಮ್ಮೂರ ಹಬ್ಬದ ಪತ್ರಿಕೆ ತೆಗೆದು ನೋಡು. ಅಧ್ಯಕ್ಷರು, ದಾನಿಗಳು, ಶಾಮಿಯಾನದೋನು, ಎಲ್ಲರ ಹೆಸರೂ ಇರುತ್ತೆ. ಬೆಳಗಿನ ತನಕ ತಮಟೆ ಬಡಿದವರ ಹೆಸರು ಇರಲ್ಲ. ‘ವಾದ್ಯದವರಿಂದ’ ಅಂತ ಒಂದು ಸಾಲು. ಅದೂ ಇದ್ದರೆ. ಯಾಕಿರಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅವರು ಯಾವ ಕೇರಿಯಿಂದ ಬರ್ತಾರೆ, ಊಟಕ್ಕೆ ಎಲ್ಲಿ ಕೂರಿಸ್ತಿದ್ರು ಅಂತ. ಬೆಂಗಳೂರಿಗೆ ಹೋಗಿ ಓದಿದ ಹುಡುಗನೂ ಅದನ್ನೇ ಮಾಡಿದರೆ ಹೇಗೆ?

– ಅವನಿಗೆ ಹಾಗೆ ಮನಸ್ಸಲ್ಲಿ ಇಲ್ಲ ಮಾವ. ಅದು ಹಬ್ಬದ ಸದ್ದು, ಊರಿನ ಸದ್ದು, ಯಾರದೂ ಅಲ್ಲ ಅಂದ್ಕೊಂಡಿದಾನೆ.

– ಯಾರದೂ ಅಲ್ಲ ಅನ್ನೋದು ಯಾವಾಗಲೂ ಇವರ ವಿಷಯಕ್ಕೇ ಯಾಕೆ ಬರುತ್ತೆ? 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಕೊಟ್ಟರು. ಅವತ್ತು ನಮ್ಮ ವಾದ್ಯದೋರು ಬಂದು ಪೇಪರ್ ತೋರಿಸಿದ್ರು. ಆ ಮುಖ ನಾನು ನೋಡಿದೀನಿ. ಅವರನ್ನ ಕರೆಸಲಿ. ಸ್ಟುಡಿಯೋಗೆ ಬರಲಿ, ಹೆಸರು ಹಾಕಲಿ, ಸಂಬಳ ಕೊಡಲಿ, ಸಿನಿಮಾ ಗಾಯಕನಿಗೆ ಕೊಡೋ ಲೆಕ್ಕದಲ್ಲೇ.

– ಕರೆಸಿದರೆ ಇನ್ನೊಂದು ಕಷ್ಟ ಶುರುವಾಗುತ್ತೆ. ಗಿಟಾರ್ ಶ್ರುತಿ ಮಾಡಿಟ್ಟರೆ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತೆ. ತಮಟೆ ನಿಲ್ಲಲ್ಲ.

– ನಿಲ್ಲೋದೇ ಇಲ್ಲ. ಅದು ಚರ್ಮ. ನಮ್ಮಲ್ಲಿ ಇಬ್ಬನಿ ಬಿದ್ದ ರಾತ್ರಿ ನೋಡಿದೀಯಲ್ಲ. ಹುಲ್ಲಿಗೆ ಬೆಂಕಿ ಹಾಕಿ, ತಮಟೆ ಮುಖ ಬೆಂಕಿಗೆ ಹಿಡಿದು, ತಿರುಗಿಸ್ತಾ ತಿರುಗಿಸ್ತಾ ಕಾಯಿಸ್ತಾರೆ. ಬೆರಳಲ್ಲಿ ತಟ್ಟಿ ನೋಡ್ತಾರೆ. ಮೊದಲು ಬದ್ ಅನ್ನುತ್ತೆ, ಚರ್ಮ ಬಿಗಿಯಾಗ್ತಾ ಬಂದ ಹಾಗೆ ಟಣ್ ಅನ್ನೋಕೆ ಶುರುವಾಗುತ್ತೆ. ಆ ಟಣ್ ಸಿಕ್ಕಿದ ಕೂಡಲೇ ಎದ್ದು ನುಡಿಸೋಕೆ ನಿಲ್ಲಬೇಕು. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಸೀಳು. ಸ್ವಲ್ಪ ಹೊತ್ತಿಗೆ ತಂಡಿ ಹಿಡಿದು ಮತ್ತೆ ಇಳಿಯುತ್ತೆ, ಮತ್ತೆ ಬೆಂಕಿಗೆ. ಈಗ ಫೈಬರ್ ಹಾಳೆಯ ತಮಟೆ ಬಂದಿದೆ, ಅದಕ್ಕೆ ಈ ಕಷ್ಟ ಇಲ್ಲ. ಅದರ ಸದ್ದು ನನಗೆ ಕಿವಿಗೆ ಹೊಡೆಯುತ್ತೆ, ಎದೆಗೆ ಇಳಿಯಲ್ಲ.

– ಏಸಿ ಸ್ಟುಡಿಯೋದಲ್ಲಿ ಹುಲ್ಲಿಗೆ ಬೆಂಕಿ ಹಾಕೋಕೆ ಬಿಡ್ತಾರಾ?

– ಬಿಡದಿದ್ರೆ ಇಲ್ಲಿಗೆ ಬರಲಿ! ಈ ಕಣ ಇದೆ, ಕಾಫಿ ಒಣಗಿ ಮೂಟೆ ಆದಮೇಲೆ ಖಾಲಿ. ಮೈಕು, ವೈರು ತಗೊಂಡು ಬರಲಿ. ಇಲ್ಲೇ ಬೆಂಕಿ ಹಾಕಲಿ, ಇಲ್ಲೇ ನುಡಿಸಲಿ.

– ಅಯ್ಯೋ ಮಾವ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗೆ ಮಾಡಿದರೆ ಇಡೀ ಹಾಡು ಬದಲಾಗುತ್ತೆ. ತಮಟೆ ಬಿಗಿ ಇರೋಷ್ಟು ಹೊತ್ತಲ್ಲೇ ಹಾಡು ಮುಗೀಬೇಕು. ಕೊನೆಗೆ ಸ್ವರ ಇಳಿಯೋಕೆ ಶುರುವಾದಾಗ ಗಿಟಾರೂ ಅದರ ಹಿಂದೆ ಇಳಿದು ಬರಬೇಕು. ಕಂಪ್ಯೂಟರಿನ ಟಿಕ್ ಟಿಕ್ ಕಿವಿಗೆ ಹಾಕ್ಕೊಂಡು ನುಡಿಸೋಕಾಗಲ್ಲ, ತಮಟೆಯೋರ ಕೈ ನೋಡ್ಕೊಂಡು ನುಡಿಸಬೇಕು. ಲೂಪಲ್ಲಿ ಇದ್ಯಾವುದೂ ಬರಲ್ಲ.

– ಈಗ ನೀನು ಸರಿ ದಾರಿಗೆ ಬಂದೆ. ಆ ಹಾಡಿಗೆ ಯಾವ ಪದ?

– ಶರೀಫರದು. ಯಾಕೆ ಅಂದರೆ ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಕಳೆಯೋ ತನಕ ಹಕ್ಕು ಇರುತ್ತೆ. ಶರೀಫರು ಹೋಗಿ ನೂರು ವರ್ಷದ ಮೇಲಾಯ್ತು. ಬೇಂದ್ರೆ ಹೋಗಿದ್ದು 1981, ಅಂದರೆ 2041ರ ಕೊನೆವರೆಗೆ. ಕುವೆಂಪು 1994, ಅದು 2054. ‘ಮೈಸೂರು ಮಲ್ಲಿಗೆ’ಯ ನರಸಿಂಹಸ್ವಾಮಿ 2003, 2063ರವರೆಗೆ.

– ಶರೀಫರ ಪದ ಬಿಡುಗಡೆ ಆದರೆ ಅಶ್ವತ್ಥರ ಧಾಟಿಯಲ್ಲಿ ಹಾಡಬಹುದು ತಾನೇ?

– ಪದ ಬಿಡುಗಡೆ. ಧಾಟಿ ಅಲ್ಲ. ಅಶ್ವತ್ಥರು ಸ್ವತಃ ಕೂರಿಸಿದ ಧಾಟಿಯ ಹಕ್ಕು 2069ರ ಕೊನೆವರೆಗೂ ಇರುತ್ತೆ. ಮನೆಯವರ ಹತ್ತಿರವೋ ಕ್ಯಾಸೆಟ್ ಕಂಪನಿ ಹತ್ತಿರವೋ ಇರುತ್ತೆ, ಹುಡುಕಬೇಕು. ತಮ್ಮ ಹೇಳ್ತಾನೆ, 2012ರ ತಿದ್ದುಪಡಿಯಲ್ಲಿ 31ಸಿ ಅಂತ ಕಲಂ ಬಂದಿದೆ, ಮೊದಲ ಧ್ವನಿಮುದ್ರಣ ಆಗಿ ಐದು ವರ್ಷ ಕಳೆದಿದ್ರೆ ನೋಟಿಸ್ ಕೊಟ್ಟು, ಕನಿಷ್ಠ ಐವತ್ತು ಸಾವಿರ ಪ್ರತಿಗಳ ರಾಯಲ್ಟಿ ಮುಂಗಡ ಕಟ್ಟಿ ಹಾಡಬಹುದು ಅಂತ. ಅದು ನಿಜ. ಆದರೆ ಅದೇ ಕಲಮ್ಮಲ್ಲಿ ಮುಂದೆ ಏನಿದೆ ಅಂತ ಓದಿಲ್ಲ. ಧ್ವನಿಮುದ್ರಣಕ್ಕೆ ತಾಂತ್ರಿಕವಾಗಿ ಎಷ್ಟು ಬೇಕೋ ಅಷ್ಟು ಬಿಟ್ಟು ಹಾಡನ್ನ ಒಪ್ಪಿಗೆ ಇಲ್ಲದೆ ಬದಲಾಯಿಸೋ ಹಾಗಿಲ್ಲ. ರಾಕ್ ಮಾಡೋದು ಅಂದರೇ ಬದಲಾಯಿಸೋದು.

– ಹಾಗಾದರೆ ಹೋಗಿ ಕೇಳಬೇಕು. ಮನೆ ಬಾಗಿಲಿಗೆ.

– ಕೇಳಲೇಬೇಕು. ಇನ್ನೊಂದು ಕೇಳಿ, ನಿಮಗೆ ಇಷ್ಟ ಆಗಲ್ಲ. ಆ ಕಲಂ ಪ್ರಕಾರ ಮಾಡಿದರೆ, ಮುಂಚೆ ಆ ಹಾಡು ಹಾಡಿದವರ ಹೆಸರನ್ನಾಗಲೀ ಚಿತ್ರವನ್ನಾಗಲೀ ಹೊದಿಕೆ ಮೇಲೆ ಹಾಕೋ ಹಾಗಿಲ್ಲ. ಜನ ಮೂಲದ್ದೇ ಅಂದ್ಕೊಂಡು ಮೋಸ ಹೋಗಬಾರದು ಅಂತ.

– ಅಶ್ವತ್ಥರ ಫೋಟೋ ಹಾಕಬಾರದಾ? ಇದೆಂಥ ಕಾಯ್ದೆ! ಅವರ ಹಾಡು ಹಾಡಿ ಅವರ ಹೆಸರು ಬಿಡೋದಾ?

– ಮನೆಯವರನ್ನ ಕೇಳಿ ಒಪ್ಪಿಗೆ ಪಡೆದು ಮಾಡಿದರೆ ಆ ಕಟ್ಟು ಇಲ್ಲ. ಅವರು ಒಪ್ಪಿದ ಹಾಗೆ ಹೆಸರೂ ಹಾಕಬಹುದು, ಫೋಟೋನೂ ಹಾಕಬಹುದು. ಅದಕ್ಕೇ ನಾನು ಹೇಳೋದು, ಅಡ್ಡದಾರಿ ಬೇಡ. ಇನ್ನು ನಿಮ್ಮ ತಮಟೆಯೋರ ವಿಷಯ. ಅದೇ ತಿದ್ದುಪಡಿಯಲ್ಲಿ 38ಬಿ ಅಂತ ಇದೆ. ನುಡಿಸಿದ ಕಲಾವಿದನಿಗೆ ‘ಇದನ್ನ ನುಡಿಸಿದ್ದು ನಾನು’ ಅಂತ ಗುರುತಿಸಿಕೊಳ್ಳೋ ಹಕ್ಕು ಇದೆ. ನೀವು ನ್ಯಾಯ ಅಂದಿದ್ದು ಕಾಯ್ದೆಯಲ್ಲೂ ಇದೆ ಮಾವ.

– ಇದ್ದರೂ ಇಷ್ಟು ದಿನ ಯಾರು ಹೇಳಿದ್ರು ಅವರಿಗೆ? ಸಂಜೆ ನಾನೇ ಹೋಗಿ ಹೇಳ್ತೀನಿ. ಅವರು ಒಪ್ಪಿದ ಮೇಲೆ ನಿನ್ನ ತಮ್ಮನಿಗೆ ತಿಳಿಸು. ಅವರು ಒಪ್ಪದಿದ್ರೆ ಆ ಹಾಡು ತಮಟೆ ಇಲ್ಲದೇ ಇರಲಿ.

– ಹೋದ ವರ್ಷ ರೆಕಾರ್ಡ್ ಮಾಡಿದ್ದು?

– ಅದನ್ನ ಅವರಿಗೆ ಕೇಳಿಸಲಿ. ಅವರದು ಅದು.

– ಸರಿ. ಸಿನಿಮಾ ಗಾಯಕರು?

– ಬರಲಿ, ಬೇಡ ಅನ್ನಲ್ಲ. ಆದರೆ ಎರಡನೇ ಚರಣ ಮಾತ್ರ ಅಂತ ಅಲ್ಲ. ಇಲ್ಲಿಗೇ ಬಂದು, ಈ ಬೆಂಕಿ ಹತ್ತಿರ ನಿಂತು, ತಮಟೆ ಜೊತೆ ಪೂರ್ತಿ ಹಾಡೋದಾದರೆ ಬರಲಿ. ಐದು ಅಶ್ವತ್ಥರ ಹಾಡು ಇರಲೇಬೇಕು, ಅದರಲ್ಲಿ ನಾನು ಬಿಡಲ್ಲ.

– ಎರಡು. ಎರಡು ಅಶ್ವತ್ಥರದು, ಎರಡು ಅನಂತಸ್ವಾಮಿಯವರದು, ಒಂದು ಕಾಳಿಂಗರಾಯರದು. ಶರೀಫರದು ಹೊಸ ಧಾಟಿಯಲ್ಲಿ. ಉಳಿದೆರಡು ಪಟ್ಟಿಯಲ್ಲಿರೋ ಹಾಗೇ.

– ಮೂರು.

– ಮೂರಾದರೆ ಕಾಳಿಂಗರಾಯರದನ್ನ ಬಿಡಬೇಕಾಗುತ್ತೆ.

– ಅದು ಹೇಗೆ ಬಿಡ್ತೀಯ? ಎಲ್ಲ ಶುರುವಾಗಿದ್ದೇ ಅವರಿಂದ ಅಂತ ಈಗ ತಾನೇ ನೀನೇ ಹೇಳಿದ್ದಲ್ಲ. ಒಂಬತ್ತು ಹಾಡು ಮಾಡೋಕೆ ಹೇಳು.

– ಹೇಳ್ತೀನಿ. ಆದರೆ ಸುಗ್ಗಿ ಯಾವಾಗ ಬೀಳುತ್ತೆ ಈ ಸಲ? ಸುಗ್ಗಿ ಶುರುವಾದರೆ ವಾದ್ಯದೋರು ಒಂದು ಊರಿಂದ ಇನ್ನೊಂದು ಊರಿಗೆ, ಕೈಗೆ ಸಿಗಲ್ಲ.

– ಅದಕ್ಕೆ ಮುಂಚೆ ಕಣ ಖಾಲಿ ಆಗಬೇಕು. ಹೂವಿನ ಮಳೆ ಬೇಗ ಬಂದುಬಿಟ್ಟರೆ ಆಗ ಇನ್ನೊಂದು ರಗಳೆ, ಎಲ್ಲರೂ ತೋಟದಲ್ಲೇ. ಫೆಬ್ರವರಿ ಕೊನೆ ವಾರ ಅಂತ ಬರಿ. ಇವತ್ತೇ ಕಳಿಸು ಅವನಿಗೆ.